ಮುಚ್ಚಿದ ದಿನದ ಹವೆ

ನಾನು ಓದು ನಿಲ್ಲಿಸಿದ್ದು ೧೯೪೯ರಲ್ಲಿ, ಏಳನೆಯ ಕ್ಲಾಸಿನ ದಸರಾ ರಜೆಯಲ್ಲಿ. ರಜೆ ಕಳೆಯಲು ಉಡುಪಿಯ ಸೋದರಮಾವನ ಮನೆಗೆ ಹೋದವನು ಅವರ ಬೈಂಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತೆ. ಮತ್ತೆ ಶಾಲೆಯ ಬೆಂಚಿನ ಮೇಲೆ ಕೂರಲಿಲ್ಲ. ಅಪ್ಪ ಎರಡು ಕಾಗದ ಬರೆದರು. ಹೆಡ್ಮಾಸ್ತರರು ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು. ಪುಸ್ತಕದ ಒಳಗೆ ಏನು ಬರೆದಿದೆ ಎನ್ನುವುದಕ್ಕಿಂತ ಅದರ ಬೆನ್ನು ಹೇಗೆ ನಿಂತಿದೆ ಎನ್ನುವುದೇ ನನಗೆ ದೊಡ್ಡ ಸೋಜಿಗವಾಗಿತ್ತು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಆಮೇಲೆ ಕಲ್ಕತ್ತೆಗೆ ಬಂದು ನಮ್ಮ ಕಡೆಯವರ ಬ್ಯಾಂಕೊಂದರಲ್ಲಿ ದಫ್ತರಿಯಾದೆ. ಅಂದರೆ ಲೆಡ್ಜರುಗಳನ್ನು ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಹಾಕುವವನು. ನಾನು ಕಟ್ಟಿದ ಲೆಡ್ಜರು ಒಂದು ಹಾಳೆಯನ್ನೂ ಉದುರಿಸಿದ್ದಿಲ್ಲ. ಬಿ.ಎ. ಪಾಸಾದ ಗುಮಾಸ್ತರು ಅವನ್ನು ಮೇಜಿನ ಮೇಲೆ ಎತ್ತಿ ಎತ್ತಿ ಹಾಕಿದರೂ ಇಲ್ಲ.

ಇದೆಲ್ಲ ಈ ಬೆಳಿಗ್ಗೆ ಯಾಕೆ ನೆನಪಾಯಿತೆಂದರೆ, ತೆಂಗಿನೆಣ್ಣೆಯ ಬಾಟ್ಲಿಯಿಂದ. ಊರಿನಲ್ಲಿ ಎಣ್ಣೆ ಗಟ್ಟಿಯಾಗುವುದನ್ನು ನಾನು ಕಂಡವನಲ್ಲ. ಕಲ್ಕತ್ತೆಯ ಚಳಿಗೆ ಅದು ಬಾಟ್ಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂರುತ್ತದೆ. ನನ್ನ ಹೆಂಡತಿ ಸುಮತಿ ಅದನ್ನು ಕಿಟಕಿಯ ಬಿಸಿಲಿಗೆ ಇಟ್ಟು ಹೋಗುತ್ತಾಳೆ. ಬಾಲಿಗಂಜಿನ ನಮ್ಮ ಎರಡು ಕೋಣೆಯ ಮನೆಗೆ ಬಿಸಿಲು ಬರುವುದೇ ಆ ಒಂದು ಕಿಟಕಿಯಿಂದ. ನಾನು ಪೇಪರು ಓದಲು ಕೂರುವುದೂ ಅಲ್ಲೇ. ಎಣ್ಣೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕರಗಿ ತಿಳಿಯಾಗುವಾಗ ನನಗೆ ಪೇಪರು ಸಾಗುವುದಿಲ್ಲ. ಎದ್ದು ಒಳಗೆ ಹೋಗುತ್ತೇನೆ. ಒಳಗೆ ಬೀರುವಿನ ಮೇಲೆ ಎರಡು ಮ್ಯಾಂಡೊಲಿನ್‌ಗಳಿವೆ. ಅಲ್ಲಿಯೂ ನಿಲ್ಲಲಾಗುವುದಿಲ್ಲ.

ನಮ್ಮ ಅಮ್ಮ ಮಳೆ ಹಿಡಿಯುವ ಮೊದಲು ಒಂದು ದಿನ ಗೊತ್ತು ಮಾಡಿ ಮನೆಯ ಮರದ ಸಾಮಾನಿಗೆಲ್ಲ ತೆಂಗಿನೆಣ್ಣೆ ತಿಕ್ಕುತ್ತಿದ್ದಳು. ತೊಟ್ಟಿಲು, ತುರಿಮಣೆ, ಅಜ್ಜನ ಪೆಟ್ಟಿಗೆ, ಬಾಗಿಲ ದಾರಂದ, ಭಜನೆಯ ಹಾರ್ಮೋನಿಯಮ್ಮಿನ ಹೊರಮೈ. ಕೊನೆಗೆ ಅದೇ ಬಟ್ಟೆಯಲ್ಲಿ ಉಳಿದದ್ದನ್ನು ನಮ್ಮ ಮೊಣಕಾಲುಗಳಿಗೆ. ಮರಕ್ಕೂ ಮಕ್ಕಳಿಗೂ ಮಳೆಗಾಲದಲ್ಲಿ ಚರ್ಮ ಒಡೆಯಬಾರದು, ಹುಳ ಹಿಡಿಯಬಾರದು ಎಂಬುದು ಅವಳ ಲೆಕ್ಕ. ಆ ದಿನ ಮನೆಯೆಲ್ಲ ಒಂದು ಬಗೆಯಲ್ಲಿ ಹೊಳೆಯುತ್ತಿತ್ತು. ನಾವು ಕೂತಲ್ಲೆಲ್ಲ ಜಾರುತ್ತಿದ್ದೆವು. ಬರಿಯ ಮರ ಕಂಡರೆ ಎಣ್ಣೆ ಹಚ್ಚಬೇಕು ಎನ್ನುವುದನ್ನು ನಾನು ಯಾರಿಂದಲೂ ಕಲಿತದ್ದಲ್ಲ. ಅದು ಕೈಯಲ್ಲೇ ಇತ್ತು.

ಮೊದಲನೆಯ ಮ್ಯಾಂಡೊಲಿನ್ ಬಂದದ್ದು ಅರವತ್ತೆಂಟರಲ್ಲೋ ಅರವತ್ತೊಂಬತ್ತರಲ್ಲೋ. ಪಾರ್ಕ್ ಸ್ಟ್ರೀಟಿನ ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಗೋವೆಯ ಮುದುಕನೊಬ್ಬ ಖಾತೆ ಮುಚ್ಚಿ ಊರಿಗೆ ಹೊರಟಿದ್ದ. ಬಗಲಿನಲ್ಲಿದ್ದುದನ್ನು ನಮ್ಮ ಕೌಂಟರಿನ ಮೇಲೆ ಬೋರಲಾಗಿ ಮಲಗಿಸಿ ಸಹಿ ಹಾಕುತ್ತಿದ್ದ. ಲೆಡ್ಜರು ಹೊತ್ತು ಬಂದ ನಾನು ಕಂಡದ್ದು ಅದರ ಬೆನ್ನನ್ನು. ಅರ್ಧ ಸೋರೆಕಾಯಿಯ ಹಾಗೆ ಉಬ್ಬಿದ ಬೆನ್ನು. ಬಾಗಿಸಿದ ಸಪೂರ ಮರದ ಪಟ್ಟಿಗಳು ಪಕ್ಕಪಕ್ಕಕ್ಕೆ ಕೂತಿದ್ದವು, ಎಣಿಸಿದೆ, ಇಪ್ಪತ್ತಮೂರು. ಎರಡು ಪಟ್ಟಿಗಳ ನಡುವೆ ನನ್ನ ಉಗುರು ಹೋಗಲಿಲ್ಲ. ಲೆಡ್ಜರನ್ನು ನೆಲಕ್ಕಿಟ್ಟು ಇನ್ನೊಮ್ಮೆ ಉಗುರು ಹಾಯಿಸಿದೆ.

“ನುಡಿಸ್ತೀಯಾ?” ಎಂದ ಮುದುಕ.

“ಇಲ್ಲ. ಇದನ್ನು ಯಾರು ಮಾಡಿದ್ದು?”

“ಅದನ್ನು ಕೇಳಿದವನು ನೀನೇ ಮೊದಲು. ತಗೋ, ಊರಲ್ಲಿ ನುಡಿಸಲಿಕ್ಕೆ ನನಗೆ ಬೆರಳಿಲ್ಲ” ಎಂದ. ಆ ವರ್ಷದ ಬೋನಸ್ಸು ಅದಕ್ಕೆ ಹೋಯಿತು.

ಮನೆಯಲ್ಲಿ ಸುಮತಿ ಅದನ್ನು ಒಂದು ವಾರ ನೋಡಿದಳು, ನಾನು ನುಡಿಸುವುದನ್ನೂ ಕೇಳಿದಳು. “ಅಲ್ಲ ಮಾರಾಯ್ರೆ, ಇದನ್ನು ಬಾರಿಸ್ಲಿಕ್ಕೆ ತಂದದ್ದಾ, ನೋಡ್ಲಿಕ್ಕೆ ತಂದದ್ದಾ?”

“ಎರಡಕ್ಕೂ.”

“ಹಾಗಾದ್ರೆ ದಿನಾ ಸ್ವಲ್ಪ ನೋಡಿ ಸಾಕು.”

ಅವಳು ಹೇಳಿದ್ದು ಸರಿಯೇ. ಇಷ್ಟು ವರ್ಷಗಳಲ್ಲಿ ನನಗೆ ಬಂದದ್ದು ಮೂರು ಭಜನೆಯ ಮಟ್ಟು. ಮೂರನೆಯದರ ಕೊನೆ ಬರುವುದಿಲ್ಲ. ಎರಡನೆಯದರ ಕೊನೆಯನ್ನೇ ಅಲ್ಲಿಗೂ ಹಾಕುತ್ತೇನೆ.

ಮಾಡಿದವರ ಹೆಸರು ಹರಿಪದ ಬಾಬು ಎಂದು ಮುದುಕ ಹೇಳಿದ್ದ. ಚಿತ್ಪುರ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯಲ್ಲಿ ಒಂದೇ ಕೋಣೆಯ ಕಾರ್ಖಾನೆ. ಒಂದು ಶನಿವಾರ ಮಧ್ಯಾಹ್ನ ಟ್ರ್ಯಾಮ್ ಹಿಡಿದು ಹೋದೆ. ಗಲ್ಲಿಯ ತಿರುವಿನಲ್ಲೇ ಸರೇಸು ಕಾಯುವ ವಾಸನೆ ಬಂತು. ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು ಅದು. ಬಂಗಾಳಿಗಳು ಶಿರೀಷ್ ಎನ್ನುತ್ತಾರೆ. ಬೇರೆಯವರು ಮೂಗು ಮುಚ್ಚುವ ವಾಸನೆ, ನನಗೆ ಹದಿಮೂರನೆಯ ವಯಸ್ಸಿನಿಂದ ಅನ್ನದ ವಾಸನೆ. ಒಳಗೆ ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಬನಿಯನ್ನು, ದಾರ ಕಟ್ಟಿದ ಕನ್ನಡಕ. ನಮಸ್ಕಾರ ಕೂಡ ಹೇಳದೆ ನಾನು ಒಲೆಯ ಕಡೆ ನೋಡಿ, “ನಿಮ್ಮ ಶಿರೀಷ್ ಹೆಚ್ಚು ಕಾದಿದೆ” ಎಂದುಬಿಟ್ಟೆ.

ಅವರು ತಾಮ್ರದ ಪಾತ್ರೆಯನ್ನು ಇಳಿಸಿ, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿ ನೋಡಿದರು. ಹದವಾಗಿದ್ದರೆ ಜೇಡರ ನೂಲಿನಂತೆ ಎಳೆ ಬರಬೇಕು. ಬರಲಿಲ್ಲ.

“ಯಾರು ನೀವು?”

“ಬ್ಯಾಂಕಿನ ದಫ್ತರಿ. ವಾಸುದೇವ.”

“ಕೂತ್ಕೊಳ್ಳಿ ಬಾಶು ಬಾಬು” ಎಂದು ಬೆತ್ತದ ಸ್ಟೂಲು ಸರಿಸಿದರು. ಬಂಗಾಳಿಗಳ ಬಾಯಲ್ಲಿ ವಾಸು ಹಾಗೆಯೇ ಆಗುತ್ತಾನೆ. ಅವರದು ಬಂಗಾಳಿ, ನನ್ನದು ಹಿಂದಿಯಂತಿರುವ ಏನೋ ಒಂದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಕೇಳಿದಂತೆಯೇ ನೆನಪಿರುವುದು.

ಮ್ಯಾಂಡೊಲಿನ್‌ನ ಮುಖಕ್ಕೆ, ಅಂದರೆ ತಂತಿಯ ಕೆಳಗಿನ ಹಲಗೆಗೆ, ಅವರು ಹೊಸ ಮರ ಮುಟ್ಟುತ್ತಿರಲಿಲ್ಲ. ದೊರೆಗಳು ಬಿಟ್ಟು ಹೋದ ಮನೆಗಳಲ್ಲಿ ಗೆದ್ದಲು ಹಿಡಿದ ಪಿಯಾನೊಗಳಿರುತ್ತಿದ್ದವಲ್ಲ, ಅವುಗಳ ಒಳಹಲಗೆಯನ್ನು ಗುಜರಿಯವರಿಂದ ಕೊಳ್ಳುತ್ತಿದ್ದರು. “ಇವು ಆಗಲೇ ಐವತ್ತು ವರ್ಷ ಹಾಡು ಕೇಳಿವೆ. ಹೊಸದಾಗಿ ಹೇಳಿಕೊಡಬೇಕಾಗಿಲ್ಲ” ಎನ್ನುತ್ತಿದ್ದರು. ವರ್ಷಕ್ಕೆ ನಾಲ್ಕೋ ಐದೋ ವಾದ್ಯ, ಅಷ್ಟೇ. ಮಳೆಗಾಲದಲ್ಲಿ ಪಟ್ಟಿ ಬಾಗಿಸುವುದು, ಕೊರೆಯುವುದು ಮಾತ್ರ. ಮುಖವನ್ನು ಬೆನ್ನಿಗೆ ಅಂಟಿಸಿ ಮುಚ್ಚುವುದು ಚಳಿ ಬಂದು ಉತ್ತರದ ಗಾಳಿ ಎದ್ದ ಮೇಲೆಯೇ. ಗಾಳಿಯಲ್ಲಿ ತೇವ ಕಂಡರೆ ಅರ್ಧ ಕಾದ ಅಂಟನ್ನು ಇಳಿಸಿ ಚಹಾಕ್ಕೆ ಹೋಗಿಬಿಡುತ್ತಿದ್ದರು. ಮುಚ್ಚುವ ಮೊದಲು ಮುಖದ ಒಳಮೈಯಲ್ಲಿ ಪೆನ್ಸಿಲಿನಿಂದ ಆ ದಿನದ ಹವೆ ಬರೆಯುತ್ತಿದ್ದರು. ಹೆಸರಿಲ್ಲ, ಅಂಗಡಿಯ ಚೀಟಿಯಿಲ್ಲ. ನನ್ನ ಮೊದಲನೆಯದರ ಮುಖದ ನಡುವಿನ ದನಿಗಂಡಿಯೊಳಗೆ ಸಣ್ಣ ಕನ್ನಡಿ ಇಳಿಸಿ, ಬಲ್ಬು ಹಿಡಿದು ಓದಿ ಹೇಳಿದರು: “ಮೋಡವಿಲ್ಲ. ಗಾಳಿ ನಿಂತು ನಿಂತು ಬೀಸುತ್ತಿದೆ.”

“ಇದು ಯಾರಿಗೆ ಬೇಕು ದಾದಾ?”

“ನನಗೆ. ಅಂಟು ಬಿಟ್ಟುಕೊಂಡರೆ ತಪ್ಪು ಗಾಳಿಯದೋ ನನ್ನದೋ ಎಂದು ತಿಳೀಬೇಕಲ್ಲ.”

ದುರ್ಗಾಪೂಜೆ ಮುಗಿದ ಮೇಲೆ ಬಂಗಾಳಿಗಳು ಹಿರಿಯರ ಮನೆಗೆ ಹೋಗಿ ಕಾಲು ಮುಟ್ಟಿ ಸಿಹಿ ತಿಂದು ಬರುವ ಪದ್ಧತಿ ಇದೆ, ಬಿಜೊಯಾ ಎನ್ನುತ್ತಾರೆ. ಹರಿಪದ ಬಾಬುವಿನ ವಾದ್ಯ ಇಟ್ಟುಕೊಂಡವರು ಆ ದಿನಗಳಲ್ಲಿ ವಾದ್ಯವನ್ನೂ ಎತ್ತಿಕೊಂಡು ಬರಬೇಕು. ಅವರು ಮಳೆಗಾಲ ಕಳೆದು ಬಂದ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ವಾದ್ಯದವನ ಕೈಗೆ ತೆಂಗಿನಕಾಯಿ ಬೆಲ್ಲದ ಉಂಡೆ ಕೊಡುತ್ತಿದ್ದರು. ಮೊದಲು ವಾದ್ಯಕ್ಕೆ ಕುಶಲ, ಆಮೇಲೆ ಮನುಷ್ಯನಿಗೆ. ನಾನೂ ನಾಲ್ಕು ವರ್ಷ ಹೋದೆ. ಉಂಡೆಯ ಪಾಕ ಸ್ವಲ್ಪ ಏರಿರುತ್ತಿತ್ತು. ಅದನ್ನೂ ಹೇಳಿದ್ದೆ.

ನಾಲ್ಕನೆಯ ವರ್ಷ ಅವರೇ ಅಂದರು: “ಅಂಟು ಬಲ್ಲವನ ಮನೆಯಲ್ಲಿ ಅವನ ಕಣ್ಣೆದುರು ಮುಚ್ಚಿದ್ದೊಂದು ಇರಬೇಕು.” ಆ ಚಳಿಗಾಲ ಒಂದು ದಿನ ಬ್ಯಾಂಕಿಗೆ ಹೇಳಿ ಕಳಿಸಿದರು. ಅರ್ಧ ದಿನ ರಜೆ ಹಾಕಿ ಹೋದೆ. ಅಂಟು ಹಿಡಿಯುವವರೆಗೆ ಅದುಮಿಡಲು ನಾನು ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದೆ, ಅವರು ಸುತ್ತಿದರು. ಮುಚ್ಚುವ ಮೊದಲೇ ಒಳಗೆ ಬರೆದಿದ್ದರು: “ಉತ್ತರದ ಗಾಳಿ. ಒಣ ದಿನ. ಬಾಶು ಬಾಬುವಿಗೆ.” ಏಳನೆಯ ಕ್ಲಾಸಿನ ಸರ್ಟಿಫಿಕೇಟೂ ಇಲ್ಲದ ನನ್ನ ಹೆಸರು ಅಷ್ಟು ಚೆಂದದ ಕೈಬರಹದಲ್ಲಿ ಬೇರೆಲ್ಲಿಯೂ ಇಲ್ಲ. ಅದರ ದನಿಯನ್ನು ಹೇಗೆ ಹೇಳುವುದು? ಕಂಚಿನ ತಟ್ಟೆಗೆ ಅಕ್ಕಿ ಸುರಿದಂತೆ. ನನ್ನಂಥವನ ಬೆರಳಿಗೂ ಒದಗುತ್ತಿತ್ತು. ಪಕ್ಕದ ಮನೆಯವರು ಕೂಡ ಕಿಟಕಿ ಮುಚ್ಚುವುದನ್ನು ನಿಲ್ಲಿಸಿದರು.

ಆ ಸಲದ ಮಳೆಗೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಗೋಡೆ ಬೆವರಿತು. ಮಂಚದ ಕಾಲಿನಿಂದ ಒಂದು ಬೆಳಿಗ್ಗೆ ಹಿಟ್ಟಿನಂತೆ ಪುಡಿ ಉದುರಿತ್ತು, ಮರ ಕೊರೆಯುವ ಹುಳ. ನನಗೆ ಜೀವ ಹಾರಿಹೋಯಿತು. ಮ್ಯಾಂಡೊಲಿನ್ ಹೊರಗೆ ಪಾಲಿಶ್ ಇದೆ, ಒಳಗೆ ಏನೂ ಹಚ್ಚದ ಬರೀ ಮರ. ಸುಮತಿಯ ತಲೆಗೆ ಹಚ್ಚುವ ಬಾಟ್ಲಿ ತೆಗೆದೆ. ಪೊರಕೆಕಡ್ಡಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ದನಿಗಂಡಿಯೊಳಗೆ ಇಳಿಸಿ ಹೊಸದರ ಒಳಮೈಗೆಲ್ಲ ತಿಕ್ಕಿದೆ. ಮೇಲೆ, ಕೆಳಗೆ, ಅಡ್ಡಪಟ್ಟಿಗಳ ಸಂದಿಗೆ. ಅಮ್ಮ ಇದ್ದಿದ್ದರೆ ಮೆಚ್ಚುತ್ತಿದ್ದಳು. ಹಳೆಯದನ್ನು ಮಡಿಲಿಗೆ ಎಳೆದುಕೊಂಡಾಗ ಸುಮತಿ ಬಂದು ಬಾಟ್ಲಿ ಕಸಿದುಕೊಂಡಳು.

“ಎಂತ ಮಾಡ್ತಿದ್ದೀರಿ? ತಲೆಗೆ ಹಾಕುವ ಎಣ್ಣೆ ಅದು. ಅವರ ಹತ್ರ ಕೇಳಿದ್ದೀರಾ?”

“ಅಂಟು, ಮರದ ವಿಷಯ ನಾನು ಕೇಳಬೇಕಾ?”

ಕೇಳಬೇಕಿತ್ತು. ಎಣ್ಣೆ ಕುಡಿದ ಮರಕ್ಕೆ ಸರೇಸು ಹಿಡಿಯುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಎಣ್ಣೆ ತಾಗಿದ ಲೆಡ್ಜರಿನ ಬೆನ್ನನ್ನು ನಾನೇ ಎಷ್ಟೋ ಸಲ ಗುಮಾಸ್ತರ ಮುಖಕ್ಕೆ ಹಿಡಿದು, ಇಲ್ಲಿ ಕೂತು ವಡೆ ತಿಂದವರು ಯಾರು ಎಂದು ಗದರಿದವನು. ಕೈ ಒಂದು ಕಡೆ ಕಲಿತದ್ದು, ತಲೆ ಇನ್ನೊಂದು ಕಡೆ ಕಲಿತದ್ದು. ಎರಡೂ ಆ ದಿನ ಮುಖ ನೋಡಿಕೊಳ್ಳಲಿಲ್ಲ.

ಬಿಜೊಯಾಕ್ಕೆ ಹೋದಾಗ ಹರಿಪದ ಬಾಬು ಹೊಸದನ್ನು ತಟ್ಟಿದರು. ಒಳಗೆಲ್ಲೋ ಕರಕರ ಎಂದಿತು. ಮುಖದ ಒಳಗಿನ ಅಡ್ಡಪಟ್ಟಿ ಒಂದು ತುದಿಯಲ್ಲಿ ಬಿಟ್ಟುಕೊಂಡಿತ್ತು. “ಈ ಸಲದ ಮಳೆ ಹಾಗಿತ್ತು. ಅರ್ಧ ದಿನದ ಕೆಲಸ” ಎಂದು ಬಿಸಿ ಚೂರಿಯಿಂದ ಮುಖ ಬಿಚ್ಚಿದರು. ಒಳಮೈ ನೋಡಿ ಹುಬ್ಬು ಗಂಟಿಕ್ಕಿದರು.

“ಮರ ಕಪ್ಪಾಗಿದೆಯಲ್ಲ.”

“ಗೋಡೆ ಬೆವರಿತ್ತು” ಎಂದೆ.

ಮೂಗಿನ ಹತ್ತಿರ ಹಿಡಿದರು. ನಶ್ಯ ಏರಿಸಿ ಏರಿಸಿ ಮಂದವಾದ ಮೂಗು. ಆದರೂ ಅಷ್ಟು ವಾಸನೆ ಹತ್ತಿತು. ನಕ್ಕರು. “ನಿಮ್ಮ ಮನೆಗೆ ಬಂದು ಇದಕ್ಕೂ ಮದ್ರಾಸಿ ವಾಸನೆ ಬಂತು. ನಿಮ್ಮಲ್ಲಿ ದೇವರ ಪಟವೂ ತಲೆಗೆ ಎಣ್ಣೆ ಹಾಕಿಕೊಳ್ಳುತ್ತದೆ.” ನಾನೂ ನಕ್ಕೆ. ಆಮೇಲೆ ಕನ್ನಡಕ ಏರಿಸಿಕೊಂಡು, ನಗದೆ ಕೇಳಿದರು: “ಒಳಗೆ ಏನಾದರೂ ಹಚ್ಚಿದಿರಾ ಬಾಶು ಬಾಬು?”

“ನಾನಾ? ಅಂಟಿನ ಕೆಲಸದವನಿಗೆ ಅಷ್ಟೂ ತಿಳಿಯುವುದಿಲ್ಲವೇ ದಾದಾ?”

“ಅದೂ ಸರಿಯೇ” ಎಂದರು. ತಪ್ಪು ಕೇಳಿದೆನೆಂಬಂತೆ ಉಂಡೆಯ ಡಬ್ಬವನ್ನು ನನ್ನ ಕಡೆ ತಳ್ಳಿದರು. ತಿಂದೆ. ಪಾಕ ಹದವಾಗಿತ್ತು.

ಮನೆಗೆ ಬಂದಾಗ ಸುಮತಿ ಕೇಳಿದಳು, “ಎಣ್ಣೆ ಹಾಕಿದ್ದು ಹೇಳಿದ್ರಾ?”

“ಅವರು ಕೇಳಲಿಲ್ಲ.”

ಒಂದು ದಿನಕ್ಕೆ ಎರಡು ಸುಳ್ಳು. ನಾನು ದಿನಾ ಸುಳ್ಳು ಹೇಳುವವನಲ್ಲ, ಅದಕ್ಕೇ ಎರಡೂ ಚೆನ್ನಾಗಿ ಒಪ್ಪಿಗೆಯಾದವು.

ಉತ್ತರದ ಗಾಳಿ ಎದ್ದ ಮೇಲೆ ಅವರು ಅಂಟಿಸಿ, ಹವೆ ಬರೆದು, ಮುಚ್ಚಿ ಕೊಟ್ಟರು. ತಂತಿ ಬಿಗಿದು ತಿಂಗಳಾಗುವುದರೊಳಗೆ ಮತ್ತೆ ಕರಕರ. ಹರಿಪದ ಬಾಬು ಈ ಸಲ ಶಿರೀಷ್ ಮಾರುವವನನ್ನು ಬಯ್ದರು. ಈಗಿನವರು ಮೂಳೆಯನ್ನೂ ಕಲಬೆರಕೆ ಮಾಡುತ್ತಾರೆ ಎಂದರು. ಬೇರೆ ಅಂಗಡಿಯಿಂದ ತರಿಸಿದರು. ಮುಚ್ಚಿದರು, ಬರೆದರು. ಅದೂ ಬಿಟ್ಟಿತು. ಬಾಕಿ ವಾದ್ಯಗಳು ಒಂದೂ ಬಿಟ್ಟಿರಲಿಲ್ಲ. ಆದರೆ ಅವರ ಕಣ್ಣು ಅವುಗಳ ಮೇಲಿರಲಿಲ್ಲ. ತಮ್ಮ ಕೈಯಿಂದ ಹೊರಟ ಕೊನೆಯದು ಇದು, ಇದೇ ನಿಲ್ಲುತ್ತಿಲ್ಲ ಎಂಬುದೊಂದೇ. ಮಾಡುತ್ತಿದ್ದ ಎರಡು ಹೊಸ ಬೆನ್ನುಗಳನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದರು.

ನಾನು ಹೇಳಬೇಕೆಂದೇ ಹೋಗುತ್ತಿದ್ದೆ. ಟ್ರ್ಯಾಮಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಗಲ್ಲಿಯ ತಿರುವಿನಲ್ಲಿ ಅಂಟಿನ ವಾಸನೆ ಬಂದ ಕೂಡಲೇ, ಮೊದಲ ದಿನ ಅವರ ಒಲೆ ನೋಡಿ ತಪ್ಪು ಹಿಡಿದ ದಫ್ತರಿ ನನ್ನೊಳಗೆ ಎದೆ ಸೆಟೆಸಿ ನಿಲ್ಲುತ್ತಿದ್ದ. ಆ ಕೋಣೆಯಲ್ಲಿ ನನಗೆ ಇದ್ದ ಗೌರವವೆಲ್ಲ ಅವನದು. ಅವನನ್ನು ಹೊರಗೆ ಬಿಟ್ಟು ಒಳಗೆ ಹೋಗಲು ಆಗಲಿಲ್ಲ.

ಕೊನೆಗೆ ಅವರು ಹೇಳಿದರು: “ಬಾಶು ಬಾಬು, ನೀವೇ ಕಾಯಿಸಿ ತನ್ನಿ. ನಿಮ್ಮ ಲೆಡ್ಜರು ನಾನು ನೋಡಿದ್ದೇನೆ.”

ನಾನು ಕಾಯಿಸಿದೆ. ನಗೆ ಬರುತ್ತದೆ, ಅಳುವೂ ಬರುತ್ತದೆ: ನನ್ನ ಜೀವಮಾನದಲ್ಲಿ ಅಂಥ ಸರೇಸು ಕಾಯಿಸಿಲ್ಲ. ಹಿಂದಿನ ದಿನವೇ ತುಂಡುಗಳನ್ನು ನೆನೆಹಾಕಿ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು, ಕುದಿಯಲು ಬಿಡದೆ, ಕೆನೆ ತೆಗೆದು, ಶೀಶೆಯನ್ನು ಬಿಸಿ ಬಟ್ಟೆಯಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ಒಯ್ದೆ. ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಒಯ್ದೆ. ಅವರು ಎರಡು ಬೆರಳ ನಡುವೆ ಎಳೆ ತೆಗೆದರು. ಅದು ಕಿಟಕಿಯ ಬೆಳಕಿನಲ್ಲಿ ಒಂದು ಗೇಣು ಉದ್ದ ತೇಲಿತು. “ವಾಹ್” ಎಂದು ನನ್ನ ಮುಖ ನೋಡಿದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿದ್ದನ್ನು ಅವರು ವಿನಯ ಎಂದುಕೊಂಡರು. ನಾಲ್ಕನೆಯ ಸಲ ಹವೆ ಬರೆದು ಮುಚ್ಚಿದರು.

ಇಪ್ಪತ್ತು ದಿನಕ್ಕೆ ಅದು ಬಿಟ್ಟಿತು.

ಹರಿಪದ ಬಾಬು ಮುಖವನ್ನು ಬಿಚ್ಚಿ ಪಕ್ಕಕ್ಕಿಟ್ಟು, ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಗಾಳಿ ಒಣಗಿತ್ತು. ಶಿರೀಷ್ ನಿಮ್ಮದು, ಅದರಲ್ಲಿ ಮಾತಿಲ್ಲ. ಉಳಿದದ್ದು ಇದೊಂದೇ” ಎಂದರು. ಆ ಮೇಲೆ ಅವರು ಒಂದು ವಾದ್ಯವನ್ನೂ ಮುಚ್ಚಲಿಲ್ಲ. ಬಂದವರಿಗೆ ಬೇರೆ ಕಾರ್ಖಾನೆಯ ದಾರಿ ಹೇಳುತ್ತಿದ್ದರು. ನನ್ನದನ್ನು ಮುಖ ಬೇರೆ, ಬೆನ್ನು ಬೇರೆಯಾಗಿಯೇ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು.

ಸುಮತಿ ಗಂಟು ಬಿಚ್ಚಿ ನೋಡಿದಳು. “ಅವರು ಊಟ ಮಾಡಿದ್ರಾ ಇವತ್ತು?” ಎಂದು ಕೇಳಿದಳು. ನಾನು ನೋಡಿರಲಿಲ್ಲ. ಅವರು ಕೈ ತಿರುಗಿಸಿ ನೋಡಿಕೊಂಡದ್ದನ್ನು ಹೇಳಿದೆ. “ಇನ್ನೊಬ್ಬರ ಕೈಯನ್ನು ಹಾಗೆ ಮಾಡಿ ಬರ್ಲಿಕ್ಕೆ ನಿಮಗೆ ಹೇಗೆ ಮನಸ್ಸು ಬಂತು? ಈ ಸಲ ಹೇಳದೆ ಬಂದ್ರೆ ಆ ಎಣ್ಣೆ ಬಾಟ್ಲಿ ಹಿಡ್ಕೊಂಡು ನಾನೇ ಹೋಗ್ತೇನೆ” ಎಂದಳು.

ಮುಂದಿನ ಬಿಜೊಯಾಕ್ಕೆ ನಾನೇ ಬಾಟ್ಲಿ ಹಿಡಿದು ಹೋದೆ. ಕಾರ್ಖಾನೆಯಲ್ಲಿ ಅಂಟಿನ ವಾಸನೆ ಇರಲಿಲ್ಲ. ಒಲೆಯ ಮೇಲೆ ಚಹಾದ ಕೆಟ್ಲು ಇತ್ತು. ಕಾಲು ಮುಟ್ಟಿ, ಬಾಟ್ಲಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಮಂಚದ ಕಾಲು, ಪೊರಕೆಕಡ್ಡಿ, ಅಮ್ಮ, ಒಂದನ್ನೂ ಬಿಡಲಿಲ್ಲ.

ಅವರು ಬಾಟ್ಲಿಯನ್ನು ಎತ್ತಿ ನೋಡಿದರು. ನನ್ನನ್ನು ನೋಡಿದರು. ಹೆಗಲ ಮೇಲೆ ಕೈಯಿಟ್ಟರು.

“ಹೀಗೆ ಹೇಳಿ ಎಂದು ಯಾರು ಹೇಳಿಕೊಟ್ಟರು, ಮನೆಯಾಕೆಯಾ?”

“ನಿಜ ದಾದಾ. ನಾನೇ ಹಚ್ಚಿದ್ದು.”

“ಕಣ್ಣು ಕಟ್ಟಿದರೂ ಶಿರೀಷ್‌ನ ಹದ ಹೇಳುವವನು ಮ್ಯಾಂಡೊಲಿನ್ ಒಳಗೆ ತಲೆಯೆಣ್ಣೆ ಹಚ್ಚುತ್ತಾನೆಯೇ? ಗಲ್ಲಿಯ ಬೆಕ್ಕೂ ನಂಬಲಿಕ್ಕಿಲ್ಲ. ಮುದುಕ ನೊಂದುಕೊಂಡಿದ್ದಾನೆ ಎಂದು ತಪ್ಪನ್ನು ನಿಮ್ಮ ತಲೆಗೆ ಹಾಕಿಕೊಳ್ಳಲು ಬಂದಿರಿ.” ಅವರ ಕಣ್ಣು ಒದ್ದೆಯಾಗಿತ್ತು. “ಇಷ್ಟು ಮಾಡಿದವರು ಬೇರೆ ಯಾರೂ ಇಲ್ಲ ಬಾಶು ಬಾಬು.”

ನಾನು ಮತ್ತೆ ಹೇಳಿದೆ. ದೇವರಾಣೆ ಇಟ್ಟೆ. ಹೇಳಿದಷ್ಟೂ ಅವರಿಗೆ ನಾನು ಒಳ್ಳೆಯವನಾಗುತ್ತ ಹೋದೆ. ಕೊನೆಗೆ ಎದ್ದು, ಮೂಲೆಯಲ್ಲಿದ್ದ ಅಂಟಿನ ತಾಮ್ರದ ಪಾತ್ರೆಯನ್ನು ಹುಣಿಸೆಹಣ್ಣು ಹಚ್ಚಿ ತೊಳೆದು, ಒರೆಸಿ, ನನ್ನ ಕೈಗಿಟ್ಟರು. “ನಿಮ್ಮ ಹತ್ತಿರ ಇರಲಿ. ಹಾಳು ಮಾಡುವವರಲ್ಲ ನೀವು.” ಆ ಮೇಲೆ ಉಂಡೆ ಕೊಟ್ಟರು. ಎರಡು.

ಮರುವರ್ಷದ ಪೂಜೆಗೆ ಮೊದಲೇ ಅವರು ತೀರಿಕೊಂಡರು. ಆ ಕೋಣೆಯಲ್ಲಿ ಈಗ ಪ್ಲೈವುಡ್ ಮಾರುತ್ತಾರೆ. ನಾನು ಲೆಡ್ಜರು ಕಟ್ಟುವುದನ್ನು ಮುಂದುವರಿಸಿದೆ. ಈಗಲೂ ಒಂದು ಹಾಳೆ ಉದುರುವುದಿಲ್ಲ. ಹೊಸ ಗುಮಾಸ್ತರು ಹೊಗಳಿದರೆ ಕೇಳಿಸದವನಂತೆ ಇರುತ್ತೇನೆ. ಎಣ್ಣೆ ಕುಡಿದ ಆ ಮುಖಹಲಗೆಯನ್ನು ತೆಗೆದು ಹೊಸದು ಹಾಕಿಸಬಹುದು ಎಂದು ಪಾರ್ಕ್ ಸ್ಟ್ರೀಟಿನ ಅಂಗಡಿಯವರು ಹೇಳಿದ್ದಾರೆ. ಹಾಕಿಸಿಲ್ಲ. ಹವೆ ಬರೆದಿರುವುದು ಅದರ ಮೇಲೆಯೇ.

ಕಿಟಕಿಯಲ್ಲಿ ಎಣ್ಣೆ ಪೂರ್ತಿ ಕರಗಿದೆ. ಸುಮತಿ ಬಂದು ತೆಗೆದುಕೊಂಡು ಹೋಗುತ್ತಾಳೆ.

ಈಗ ನನ್ನ ಹತ್ತಿರ ಹರಿಪದ ಬಾಬು ಮಾಡಿದ ಮ್ಯಾಂಡೊಲಿನ್ ಎರಡು ಇವೆ. ಒಂದಕ್ಕೆ ಎಂಟು ತಂತಿ, ಇನ್ನೊಂದಕ್ಕೆ ಒಂದೂ ಇಲ್ಲ. ತಾಮ್ರದ ಪಾತ್ರೆ ಒಂದು. ಭಜನೆಯ ಮಟ್ಟು ಮೂರು, ಮೂರನೆಯದಕ್ಕೆ ಕೊನೆಯಿಲ್ಲ. ಬಿಚ್ಚಿದ ಹಲಗೆಯ ಮೇಲೆ ಪೆನ್ಸಿಲಿನ ಸಾಲು ನಾಲ್ಕು. ನಾಲ್ಕರಲ್ಲೂ ದಿನ ಒಣಗಿತ್ತು ಎಂದೇ ಇದೆ.